ಸೂರ್ಯನೇ ಶ್ರಾವಕನ ಗಡಿಯಾರ

ಕನ್ನಡದಲ್ಲಿ ‘ಹೊತ್ತು’ ಎಂಬ ಒಂದೇ ಪದ ಸೂರ್ಯನನ್ನೂ ಸೂಚಿಸುತ್ತದೆ, ಕಾಲವನ್ನೂ ಸೂಚಿಸುತ್ತದೆ. ಹೊತ್ತು ಮುಳುಗಿತು ಎಂದರೆ ಸೂರ್ಯ ಅಸ್ತಮಿಸಿದ ಎಂದರ್ಥ. ಹೊತ್ತಾಯಿತು ಎಂದರೆ ಸಮಯ ಮೀರಿತು ಎಂದರ್ಥ. ತುಳುವಿನ ‘ಪೊರ್ತು’ ಕೂಡ ಇದೇ ಎರಡು ಅರ್ಥಗಳನ್ನು ಹೊತ್ತುಕೊಂಡಿದೆ. ನಮ್ಮ ಹಿರಿಯರಿಗೆ ಸೂರ್ಯನೂ ಸಮಯವೂ ಬೇರೆಯಾಗಿರಲಿಲ್ಲ ಎಂಬುದಕ್ಕೆ ಭಾಷೆಯೇ ಸಾಕ್ಷಿ. ಗಡಿಯಾರ ಮನೆಮನೆಗೆ ಬಂದ ಮೇಲೆ ಈ ಎರಡು ಅರ್ಥಗಳ ನಡುವೆ ಅಂತರ ಬೆಳೆಯಿತು. ಆದರೆ ಒಂದು ವ್ರತ ಮಾತ್ರ ಇಂದಿಗೂ ಅವೆರಡನ್ನು ಬೇರ್ಪಡಿಸಲು ಒಪ್ಪುವುದಿಲ್ಲ. ಅದು ರಾತ್ರಿಭೋಜನ ತ್ಯಾಗ. ಸೂರ್ಯ ಅಸ್ತಮಿಸುವ ಮೊದಲೇ ಉಣ್ಣುವ ನಿಯಮವಾದ್ದರಿಂದ ಇದಕ್ಕೆ ‘ಅನಸ್ತಮಿತ’ ಎಂಬ ಹೆಸರೂ ಇದೆ.

ಈ ವ್ರತವನ್ನು ಪಾಲಿಸುವವನು ದಿನವೂ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಇಂದು ಹೊತ್ತು ಮುಳುಗುವುದು ಯಾವಾಗ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಸೂರ್ಯ ವರ್ಷದ ಎಲ್ಲ ದಿನ ಒಂದೇ ಸಮಯಕ್ಕೆ ಮುಳುಗುವುದಿಲ್ಲ, ಒಂದೇ ವೇಗದಲ್ಲಿಯೂ ಮುಳುಗುವುದಿಲ್ಲ. ಋತುವಿನಿಂದ ಋತುವಿಗೆ ಬದಲಾಗುವ ಈ ವೇಗವನ್ನು ಅರಿತರೆ, ಪೂರ್ವಾಚಾರ್ಯರು ಊಟದ ಕಾಲಕ್ಕೆ ಹಾಕಿದ ಮೇರೆ ಎಷ್ಟು ವಿವೇಕದ್ದು ಎಂಬುದು ತಿಳಿಯುತ್ತದೆ.

ನಾರಾವಿಯ ಪಡುವಣ

ಬೆಳ್ತಂಗಡಿ ತಾಲ್ಲೂಕಿನ ನಾರಾವಿ ಪಶ್ಚಿಮಘಟ್ಟದ ತಪ್ಪಲಿನ ಊರು. ಇಲ್ಲಿ ಸೂರ್ಯನಾರಾಯಣನ ದೇವಾಲಯವಿದೆ. ಹದಿನೈದನೆಯ ತೀರ್ಥಂಕರರಾದ ಭಗವಾನ್ ಧರ್ಮನಾಥ ಸ್ವಾಮಿಯ ಬಸದಿಯೂ ಇದೆ. ಒಂದೆಡೆ ಸೂರ್ಯನನ್ನೇ ಆರಾಧಿಸುವ ಭಕ್ತಿ, ಇನ್ನೊಂದೆಡೆ ಸೂರ್ಯನ ಬೆಳಕನ್ನು ಜೀವದಯೆಗೆ ಅಳತೆಗೋಲಾಗಿ ಇಟ್ಟುಕೊಂಡ ಸಂಯಮ. ಎರಡೂ ಒಂದೇ ಊರಿನಲ್ಲಿ ನೆರೆಹೊರೆಯಾಗಿವೆ. ಅತ್ತ ವೇಣೂರು, ಇತ್ತ ಮೂಡುಬಿದಿರೆ, ಉತ್ತರಕ್ಕೆ ಕಾರ್ಕಳ. ಬಸದಿಗಳೂ ಬಾಹುಬಲಿ ಮೂರ್ತಿಗಳೂ ಇರುವ ಈ ಸೀಮೆಯಲ್ಲಿ ಹೊತ್ತಿರುವಾಗಲೇ ಊಟ ಮುಗಿಸುವ ರೂಢಿ ಹಳೆಯದು.

ನಾರಾವಿಯಂಥ ಊರಿನಲ್ಲಿ ದಿಗಂತವನ್ನು ನೇರವಾಗಿ ಕಾಣುವುದು ಕಷ್ಟ. ಪೂರ್ವದಲ್ಲಿ ಕುದುರೆಮುಖದ ಬೆಟ್ಟಸಾಲು ಇರುವುದರಿಂದ ಬೆಳಗಿನ ಸೂರ್ಯ ತಡವಾಗಿ ಮುಖ ತೋರುತ್ತಾನೆ. ಪಶ್ಚಿಮದಲ್ಲಿ ಅಡಿಕೆ ತೋಟ, ತೆಂಗು, ಗುಡ್ಡಗಳ ಏರಿಳಿತ. ಸಮುದ್ರದ ದಂಡೆಯಲ್ಲಿ ನಿಂತವನಿಗೆ ಸೂರ್ಯಬಿಂಬ ನೀರಿನಂಚನ್ನು ಮುಟ್ಟುವುದು ಕಾಣುತ್ತದೆ. ತಪ್ಪಲಿನ ಮನೆಯವನಿಗೆ ತೋಟದ ಮರೆಗೆ ಸರಿದ ಸೂರ್ಯ ಇನ್ನೂ ಇದ್ದಾನೆಯೇ, ಮುಳುಗಿದನೇ ಎಂಬುದು ತಿಳಿಯದು. ಮಳೆಗಾಲದಲ್ಲಂತೂ ದಿನಗಟ್ಟಲೆ ಸೂರ್ಯನ ದರ್ಶನವೇ ಇಲ್ಲ. ಹಾಗಾಗಿ ಕಣ್ಣಳತೆಯೊಂದನ್ನೇ ನಂಬಿ ಇಲ್ಲಿ ವ್ರತ ನಡೆಯದು. ಸೂರ್ಯನ ನಡೆಯ ತಿಳಿವಳಿಕೆಯೂ ಬೇಕು.

ಒಂಬತ್ತು ಣಮೋಕಾರದ ಹೊತ್ತು

ಸೂರ್ಯಬಿಂಬದ ಕೆಳಗಿನ ಅಂಚು ದಿಗಂತವನ್ನು ಮುಟ್ಟಿದಾಗಿನಿಂದ ಮೇಲಿನ ಅಂಚು ಮರೆಯಾಗುವ ತನಕ ಹಿಡಿಯುವ ಕಾಲವೇ ಮುಳುಗುವ ವೇಗದ ಅಳತೆ. ನಾರಾವಿ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿನ ಲೆಕ್ಕ ಹೀಗೆ: ಹಗಲು ರಾತ್ರಿ ಸಮವಾಗಿರುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ವಿಷುವ ದಿನಗಳಲ್ಲಿ ಬಿಂಬ ಸುಮಾರು 2 ನಿಮಿಷ 12 ಸೆಕೆಂಡುಗಳಲ್ಲಿ ಮುಳುಗುತ್ತದೆ. ಜೂನ್ ತಿಂಗಳ ಕೊನೆಯ ಭಾಗದಲ್ಲಿ ಅದಕ್ಕೆ ಸುಮಾರು 2 ನಿಮಿಷ 22 ಸೆಕೆಂಡು ಬೇಕು. ಡಿಸೆಂಬರಿನಲ್ಲಿ ಇನ್ನೂ ತುಸು ಹೆಚ್ಚು, ಸುಮಾರು 2 ನಿಮಿಷ 26 ಸೆಕೆಂಡು. ಅಂದರೆ ಸೂರ್ಯ ಅತಿ ಬೇಗ ಮುಳುಗುವುದು ವಿಷುವದ ಆಸುಪಾಸಿನಲ್ಲಿ, ಅತಿ ನಿಧಾನವಾಗಿ ಮುಳುಗುವುದು ಅಯನಗಳು ತಿರುಗುವ ದಿನಗಳಲ್ಲಿ.

ಜೈನರ ನಿತ್ಯಾಚರಣೆಯ ಅಳತೆಯಲ್ಲಿ ಹೇಳುವುದಾದರೆ, ಕಾಯೋತ್ಸರ್ಗದಲ್ಲಿ ನಿಂತು ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ನಿಧಾನವಾಗಿ ಸ್ಮರಿಸುವಷ್ಟರಲ್ಲಿ ಸೂರ್ಯ ಮುಳುಗಿಬಿಡುತ್ತಾನೆ. ಬೇಗ ಮುಳುಗುವ ದಿನಕ್ಕೂ ನಿಧಾನವಾಗಿ ಮುಳುಗುವ ದಿನಕ್ಕೂ ಇರುವ ವ್ಯತ್ಯಾಸ ಹದಿನೈದು ಸೆಕೆಂಡಿನ ಆಸುಪಾಸು. ಅದು ಇನ್ನೊಂದು ಣಮೋಕಾರದಷ್ಟು.

ಈ ವ್ಯತ್ಯಾಸಕ್ಕೆ ಕಾರಣವನ್ನು ಬೀಸುವ ಕಲ್ಲಿನಿಂದ ತಿಳಿಯಬಹುದು. ಬೀಸುವ ಕಲ್ಲು ಒಂದು ಸುತ್ತು ತಿರುಗುವಾಗ ಅದರ ಅಂಚಿನಲ್ಲಿರುವ ಕಾಳು ದೊಡ್ಡ ಸುತ್ತು ಹೋಗುತ್ತದೆ, ನಡುವಿನ ಗೂಟದ ಹತ್ತಿರವಿರುವ ಕಾಳು ಸಣ್ಣ ಸುತ್ತು ಹೋಗುತ್ತದೆ. ಇಬ್ಬರಿಗೂ ಹಿಡಿಯುವ ಕಾಲ ಒಂದೇ; ಆದ್ದರಿಂದ ಅಂಚಿನ ಕಾಳಿನ ವೇಗ ಹೆಚ್ಚು. ಭೂಮಿಯ ಮೇಲೆ ನಿಂತು ನೋಡುವವರಿಗೆ ಆಕಾಶವೂ ಧ್ರುವವನ್ನು ಗೂಟವಾಗಿ ಮಾಡಿಕೊಂಡು ದಿನಕ್ಕೊಂದು ಸುತ್ತು ತಿರುಗುವಂತೆ ಕಾಣುತ್ತದೆ. ವಿಷುವ ದಿನದಂದು ಸೂರ್ಯ ಎರಡು ಧ್ರುವಗಳಿಗೂ ಸಮಾನ ದೂರದಲ್ಲಿದ್ದು ಅತಿ ದೊಡ್ಡ ಸುತ್ತಿನಲ್ಲಿ ನಡೆಯುತ್ತಾನೆ. ಅಯನದ ದಿನಗಳಲ್ಲಿ ಅವನು ಸುಮಾರು ಇಪ್ಪತ್ತಮೂರೂವರೆ ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವುದರಿಂದ ಸುತ್ತು ಸಣ್ಣದಾಗುತ್ತದೆ, ವೇಗ ಇಳಿಯುತ್ತದೆ. ಜೊತೆಗೆ ವಿಷುವದಲ್ಲಿ ನೇರ ಪಡುವಣದಲ್ಲಿ ಇಳಿಯುವ ಸೂರ್ಯ, ಉಳಿದ ದಿನಗಳಲ್ಲಿ ಪಕ್ಕಕ್ಕೆ ಇನ್ನೂ ತುಸು ಹೆಚ್ಚು ಓರೆಯಾಗಿ ಇಳಿಯುತ್ತಾನೆ. ಓರೆ ದಾರಿಯಲ್ಲಿ ಕೆಳಗಿಳಿಯಲು ಹೆಚ್ಚು ಹೊತ್ತು ಬೇಕು. ಜನವರಿಯ ಆರಂಭದಲ್ಲಿ ಭೂಮಿ ಸೂರ್ಯನಿಗೆ ಅತಿ ಸಮೀಪದಲ್ಲಿರುವುದರಿಂದ ಚಳಿಗಾಲದ ಬಿಂಬ ಕೊಂಚ ದೊಡ್ಡದಾಗಿ ಕಾಣುತ್ತದೆ. ಡಿಸೆಂಬರಿನ ಅಸ್ತಮಾನ ಜೂನಿಗಿಂತ ನಾಲ್ಕು ಸೆಕೆಂಡು ಹೆಚ್ಚಾಗಲು ಅದೇ ಕಾರಣ.

ನೂರ ಎಂಬತ್ತನಾಲ್ಕು ವೀಥಿಗಳು

ಸೂರ್ಯನ ವೇಗ ಋತುವಿಗೆ ತಕ್ಕಂತೆ ಬದಲಾಗುತ್ತದೆ ಎಂಬ ವಿಚಾರ ಜೈನ ಪರಂಪರೆಗೆ ಹೊಸತಲ್ಲ. ಅರ್ಧಮಾಗಧಿಯ ಸೂರ್ಯಪ್ರಜ್ಞಪ್ತಿ, ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿ, ಶ್ರವಣಬೆಳಗೊಳದ ಚಾವುಂಡರಾಯನಿಗೆ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರ ಮೊದಲಾದ ಗ್ರಂಥಗಳು ಸೂರ್ಯನ ಸಂಚಾರವನ್ನು ಲೆಕ್ಕಸಮೇತ ವಿವರಿಸುವ ಪರಂಪರೆಗೆ ಸೇರಿದವು. ಆ ನಿರೂಪಣೆಯಂತೆ ಜಂಬೂದ್ವೀಪದಲ್ಲಿ ಇಬ್ಬರು ಸೂರ್ಯರು ಮೇರುವನ್ನು ಸುತ್ತುತ್ತಾರೆ. ಅವರ ಸಂಚಾರಕ್ಕೆ 184 ವೀಥಿಗಳಿವೆ. ದಿನಕ್ಕೊಂದು ವೀಥಿಯಂತೆ ಒಳಗಿನಿಂದ ಹೊರಕ್ಕೆ, ಮತ್ತೆ ಹೊರಗಿನಿಂದ ಒಳಕ್ಕೆ ಸರಿಯುತ್ತ ಅವರು ಒಂದೊಂದು ಅಯನವನ್ನು 183 ದಿನಗಳಲ್ಲಿ ಪೂರೈಸುತ್ತಾರೆ.

ಅತ್ಯಂತ ಒಳಗಿನ ವೀಥಿಯ ಪರಿಧಿ 3,15,089 ಯೋಜನ. ಒಬ್ಬ ಸೂರ್ಯ ಇಡೀ ಸುತ್ತನ್ನು 60 ಮುಹೂರ್ತಗಳಲ್ಲಿ ಮುಗಿಸುವುದರಿಂದ, ಮುಹೂರ್ತಕ್ಕೆ ಅವನ ವೇಗ 5,251 ಯೋಜನ ಮತ್ತು ಇನ್ನೊಂದು ಯೋಜನದ ಅರವತ್ತರಲ್ಲಿ 29 ಭಾಗ. ಹೊರಗಿನ ವೀಥಿಯಲ್ಲಿ ಸುತ್ತು ದೊಡ್ಡದು. ಅಲ್ಲಿ ವೇಗ ಮುಹೂರ್ತಕ್ಕೆ 5,305 ಯೋಜನ ಮತ್ತು ಅರವತ್ತರಲ್ಲಿ 15 ಭಾಗ. ಸೂರ್ಯ ಒಳವೀಥಿಯಲ್ಲಿದ್ದಾಗ ಹಗಲು 18 ಮುಹೂರ್ತ, ಇರುಳು 12 ಮುಹೂರ್ತ. ಹೊರವೀಥಿಗೆ ಬಂದಾಗ ಹಗಲು 12, ಇರುಳು 18. ನಡುವಿನ ಆರು ಮುಹೂರ್ತಗಳ ಅಂತರವನ್ನು 183 ದಿನಗಳಿಗೆ ಹಂಚಿ, ದಿನಕ್ಕೆ ಮುಹೂರ್ತದ ಅರುವತ್ತೊಂದರಲ್ಲಿ ಎರಡು ಭಾಗದಷ್ಟು ಹಗಲು ಬದಲಾಗುತ್ತದೆ ಎಂದು ಆಚಾರ್ಯರು ನಿರ್ಣಯಿಸಿದರು. ಇಂದಿನ ಗಡಿಯಾರದಲ್ಲಿ ಅದು ದಿನಕ್ಕೆ ಒಂದೂವರೆ ನಿಮಿಷಕ್ಕಿಂತ ತುಸು ಹೆಚ್ಚು.

ಈ ಲೋಕವರ್ಣನೆ ಇಂದಿನ ಖಗೋಳ ವಿಜ್ಞಾನದ ಚಿತ್ರದೊಂದಿಗೆ ಹೊಂದುವುದಿಲ್ಲ. ಎರಡನ್ನೂ ಬಲವಂತದಿಂದ ಒಂದುಗೂಡಿಸಬೇಕಾದ ಅಗತ್ಯವೂ ಇಲ್ಲ. ಹದಿನೆಂಟು ಮುಹೂರ್ತದ ಹಗಲೆಂದರೆ 14 ಗಂಟೆ 24 ನಿಮಿಷ. ಅದು ಉತ್ತರದ ದೇಶಗಳಿಗೆ ಹೊಂದುವ ಅಳತೆ. ನಾರಾವಿಯಲ್ಲಿ ಅತಿ ದೀರ್ಘ ಹಗಲು ಸುಮಾರು 12 ಗಂಟೆ 54 ನಿಮಿಷ, ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 21 ನಿಮಿಷ. ಇಲ್ಲಿ ಗೌರವದಿಂದ ಗಮನಿಸಬೇಕಾದದ್ದು ಬೇರೆಯೇ ಇದೆ. ಸಣ್ಣ ಸುತ್ತಿಗೆ ನಿಧಾನ ನಡೆ, ದೊಡ್ಡ ಸುತ್ತಿಗೆ ವೇಗದ ನಡೆ ಎಂಬ ತರ್ಕವನ್ನು ಅವರು ಅಂದೇ ಹಿಡಿದಿದ್ದರು. ಸೂರ್ಯನ ನಡೆ ದಿನದಿನವೂ ಬದಲಾಗುತ್ತದೆ, ಅದನ್ನು ಭಿನ್ನರಾಶಿಯ ಕೊನೆಯ ಭಾಗದವರೆಗೂ ಎಣಿಸಬೇಕು ಎಂಬ ಶ್ರದ್ಧೆ ಅವರಿಗಿತ್ತು. ಊಟವನ್ನು ಸೂರ್ಯನಿಗೆ ಕಟ್ಟಿದ ಪರಂಪರೆಯಲ್ಲಿ ಸೂರ್ಯನ ಲೆಕ್ಕ ಇಷ್ಟು ಸೂಕ್ಷ್ಮವಾಗಿ ಬೆಳೆದದ್ದು ಸಹಜವೇ ಆಗಿದೆ.

ಗಡಿಯಾರ ನಂಬಿದವರಿಗೆ ಎಚ್ಚರಿಕೆ

ಬಿಂಬ ಮುಳುಗುವ ವೇಗದಲ್ಲಿ ಋತುಗಳು ತರುವ ವ್ಯತ್ಯಾಸ ಸೆಕೆಂಡುಗಳದ್ದು. ಆದರೆ ಅಸ್ತಮಾನದ ಸಮಯ ದಿನದಿಂದ ದಿನಕ್ಕೆ ಸರಿಯುವ ವೇಗದಲ್ಲಿ ಋತುಗಳು ತರುವ ವ್ಯತ್ಯಾಸ ದೊಡ್ಡದು. ವ್ರತಕ್ಕೆ ತೊಡಕಾಗುವುದು ಇಲ್ಲಿಯೇ.

ನಾರಾವಿಯ ಲೆಕ್ಕವನ್ನೇ ನೋಡಬಹುದು. ಫೆಬ್ರವರಿ 20ರ ಸುಮಾರಿಗೆ ಇಲ್ಲಿ ಸೂರ್ಯಾಸ್ತ ಸಂಜೆ 6 ಗಂಟೆ 36 ನಿಮಿಷಕ್ಕೆ. ಏಪ್ರಿಲ್ ಕೊನೆಗೆ 6 ಗಂಟೆ 44 ನಿಮಿಷಕ್ಕೆ. ಎರಡು ತಿಂಗಳಿಗೂ ಹೆಚ್ಚು ಕಾಲದಲ್ಲಿ ಸರಿದದ್ದು ಎಂಟೇ ನಿಮಿಷ. ಈ ಅವಧಿಯಲ್ಲಿ ಒಂದು ಸಮಯ ಗೊತ್ತುಮಾಡಿಕೊಂಡು ಊಟಕ್ಕೆ ಕುಳಿತವನಿಗೆ ಯಾವ ತೊಂದರೆಯೂ ಆಗದು. ಸೂರ್ಯ ನಿಂತೇ ಇದ್ದಾನೇನೋ ಎನಿಸುತ್ತದೆ.

ಇನ್ನು ವರ್ಷದ ಉತ್ತರಾರ್ಧ. ಜುಲೈ ಮೊದಲ ವಾರದಲ್ಲಿ ಸೂರ್ಯಾಸ್ತ ವರ್ಷದಲ್ಲೇ ಅತಿ ತಡವಾಗಿ, ಸುಮಾರು 7 ಗಂಟೆಗೆ. ಆಗಸ್ಟ್ ಕೊನೆಗೆ 6 ಗಂಟೆ 41 ನಿಮಿಷ. ಅಲ್ಲಿಂದ ಎರಡೇ ತಿಂಗಳಲ್ಲಿ, ಅಕ್ಟೋಬರ್ ಕೊನೆಗೆ, 6 ಗಂಟೆ 3 ನಿಮಿಷ. ನವೆಂಬರ್ ಮೂರನೆಯ ವಾರದಲ್ಲಿ ಸರಿಯಾಗಿ 6 ಗಂಟೆಯ ಆಸುಪಾಸು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ರಾತ್ರಿಭೋಜನ ತ್ಯಾಗದ ನಿಯಮ ಹಿಡಿದ ಶ್ರಾವಕ, ಆಗಿನ ಗಡಿಯಾರದ ಸಮಯವನ್ನೇ ಮನಸ್ಸಿನಲ್ಲಿಟ್ಟುಕೊಂಡು ಭಗವಾನ್ ಮಹಾವೀರರ ನಿರ್ವಾಣೋತ್ಸವದ ದೀಪಾವಳಿಯವರೆಗೆ ನಡೆದರೆ ಅವನ ಕಾಲಡಿಯಿಂದ ಸುಮಾರು ಅರ್ಧ ಗಂಟೆ ಸರಿದುಹೋಗಿರುತ್ತದೆ. ಅವನು ನಿಯಮ ಮುರಿಯಲಿಲ್ಲ, ಸೂರ್ಯ ಮುಂದೆ ನಡೆದ.

ಇನ್ನೊಂದು ವಿಚಿತ್ರವೂ ಇದೆ. ಡಿಸೆಂಬರ್ 22ರ ಹಗಲು ವರ್ಷದಲ್ಲೇ ಚಿಕ್ಕದು; ಆದರೆ ಅಂದಿನ ಸೂರ್ಯಾಸ್ತ 6 ಗಂಟೆ 8 ನಿಮಿಷಕ್ಕೆ, ನವೆಂಬರಿಗಿಂತ ತಡವಾಗಿ. ಮಕರ ಸಂಕ್ರಾಂತಿಯ ಹೊತ್ತಿಗೆ 6 ಗಂಟೆ 21 ನಿಮಿಷ. ಹಗಲು ಚಿಕ್ಕದಾದಷ್ಟೂ ಹೊತ್ತು ಬೇಗ ಮುಳುಗುತ್ತದೆ ಎಂಬ ಸಾಮಾನ್ಯ ಊಹೆ ಇಲ್ಲಿ ಸೋಲುತ್ತದೆ. ಭೂಮಿಯ ಪಥ ಪೂರ್ಣ ವೃತ್ತವಲ್ಲದ್ದರಿಂದಲೂ ಅದರ ಅಕ್ಷ ಓರೆಯಾಗಿರುವುದರಿಂದಲೂ ಸೂರ್ಯ ನೆತ್ತಿಗೆ ಬರುವ ಸಮಯ ವರ್ಷವಿಡೀ ಹಿಂದೆಮುಂದೆ ಆಗುತ್ತಿರುತ್ತದೆ. ಗಡಿಯಾರದ ಮಧ್ಯಾಹ್ನ ಮನುಷ್ಯ ಮಾಡಿದ ಸರಾಸರಿ; ಸೂರ್ಯನ ಮಧ್ಯಾಹ್ನ ನಿಸರ್ಗದ ಸತ್ಯ. ಆದ್ದರಿಂದಲೇ ಊರಿನ ಪಂಚಾಂಗವನ್ನು ಅಥವಾ ದಿನಪತ್ರಿಕೆಯ ಸೂರ್ಯಾಸ್ತದ ಸಮಯವನ್ನು ನೋಡುವುದು ವ್ರತಿಗೆ ಒಂದು ನಿತ್ಯಕರ್ಮವೇ ಆಗಬೇಕು.

ಕಾಣುವ ಸೂರ್ಯ, ಇರುವ ಸೂರ್ಯ

ಪಂಚಾಂಗ ನೋಡಿದರೂ ಒಂದು ಸಂದೇಹ ಉಳಿಯುತ್ತದೆ. ಅಸ್ತಮಾನವೆಂದರೆ ಯಾವ ಕ್ಷಣ? ಬಿಂಬದ ಕೆಳ ಅಂಚು ದಿಗಂತ ಮುಟ್ಟಿದ್ದೇ, ಅರ್ಧ ಮುಳುಗಿದ್ದೇ, ಪೂರ್ತಿ ಮರೆಯಾದದ್ದೇ? ಬೇರೆ ಬೇರೆ ಪದ್ಧತಿಯ ಗಣಿತದಲ್ಲಿ ಬೇರೆ ಬೇರೆ ಕ್ಷಣವನ್ನು ಹಿಡಿಯುವುದುಂಟು. ಹೀಗಾಗಿ ಎರಡು ಪಂಚಾಂಗಗಳ ನಡುವೆ ಕೆಲವು ನಿಮಿಷಗಳ ಅಂತರ ಕಾಣಿಸಿಕೊಳ್ಳಬಹುದು.

ಇದಕ್ಕಿಂತ ಆಶ್ಚರ್ಯದ ಸಂಗತಿ ವಾತಾವರಣದ್ದು. ನೀರಿನಲ್ಲಿ ಅದ್ದಿದ ಕೋಲು ಬಾಗಿದಂತೆ ಕಾಣುವ ಹಾಗೆ, ದಿಗಂತದ ಬಳಿಯ ದಟ್ಟ ಗಾಳಿಯನ್ನು ಹಾದು ಬರುವ ಬೆಳಕು ಬಾಗುತ್ತದೆ. ಆ ಬಾಗು ಸುಮಾರು ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಇದರ ಫಲವೇನೆಂದರೆ, ಬಿಂಬದ ಕೆಳ ಅಂಚು ದಿಗಂತವನ್ನು ಮುಟ್ಟುತ್ತಿರುವಂತೆ ಕಾಣುವ ಕ್ಷಣದಲ್ಲಿ ನಿಜವಾದ ಸೂರ್ಯ ಆಗಲೇ ಪೂರ್ತಿ ದಿಗಂತದ ಕೆಳಗಿಳಿದಿರುತ್ತಾನೆ. ಇನ್ನೂ ಇದ್ದಾನೆ ಎಂದು ಕಣ್ಣು ಹೇಳುವಾಗ ಅವನು ಅಲ್ಲಿಲ್ಲ. ಕಣ್ಣಿಗೆ ಕಂಡದ್ದೆಲ್ಲವೂ ಇದ್ದದ್ದು ಇದ್ದಂತೆಯೇ ಅಲ್ಲ ಎಂಬ ಪಾಠವನ್ನು ದಿನವೂ ಸಂಜೆ ಆಕಾಶವೇ ಕಲಿಸುತ್ತದೆ.

ಪೂರ್ವಾಚಾರ್ಯರು ಹಾಕಿದ ಮೇರೆಯ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಹಗಲಿನ ಆದಿಯ ಎರಡು ಘಳಿಗೆ ಮತ್ತು ಅಂತ್ಯದ ಎರಡು ಘಳಿಗೆಗಳನ್ನು ಬಿಟ್ಟು ಉಣ್ಣುವವನನ್ನು ಪ್ರಶಂಸಿಸುತ್ತಾರೆ. ಘಳಿಗೆಯೊಂದಕ್ಕೆ 24 ನಿಮಿಷ; ಎರಡು ಘಳಿಗೆಯೆಂದರೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಮುನಿಗಳ ಆಚಾರವನ್ನು ವಿಧಿಸುವ ವಟ್ಟಕೇರಾಚಾರ್ಯರ ಮೂಲಾಚಾರ ಇನ್ನೂ ಕಟ್ಟುನಿಟ್ಟು. ಸೂರ್ಯೋದಯದ ನಂತರದ ಮತ್ತು ಸೂರ್ಯಾಸ್ತದ ಮೊದಲಿನ ಮೂರು ಮೂರು ನಾಳಿಗಳನ್ನು ಬಿಟ್ಟು ನಡುವಿನ ಕಾಲದಲ್ಲಿ ಒಂದೇ ಬಾರಿ ಆಹಾರ ಸ್ವೀಕರಿಸಬೇಕೆಂದು ಅಲ್ಲಿ ವಿಧಿಯಿದೆ. ನಾಳಿಯೆಂದರೂ ಘಳಿಗೆಯೇ.

ಬಿಂಬ ಮುಳುಗುವ ಎರಡು ನಿಮಿಷ, ಪಂಚಾಂಗಗಳ ನಡುವಿನ ಕೆಲವು ನಿಮಿಷ, ಬೆಳಕಿನ ಬಾಗು, ಗುಡ್ಡದ ಮರೆ, ಮೋಡದ ಮುಸುಕು, ಗಡಿಯಾರದ ತಪ್ಪು. ಇವೆಲ್ಲವೂ ಒಟ್ಟುಗೂಡಿದರೂ ನಲವತ್ತೆಂಟು ನಿಮಿಷಗಳ ಅಂತರ ಅವನ್ನು ನುಂಗಿಕೊಳ್ಳುತ್ತದೆ. ಕೊನೆಯ ಕ್ಷಣದವರೆಗೂ ಉಂಡು, ಸೂರ್ಯ ಮುಳುಗಿದನೋ ಇಲ್ಲವೋ ಎಂದು ವಾದಿಸುವ ಸ್ಥಿತಿಯೇ ಬಾರದಂತೆ ಆಚಾರ್ಯರು ನೋಡಿಕೊಂಡರು. ಗದ್ದೆಯ ಅಂಚಿಗೆ ಬೇಲಿ ಹಾಕುವವನು ಪೈರಿಗೆ ತಾಗಿಸಿ ಹಾಕುವುದಿಲ್ಲ, ತುಸು ಜಾಗ ಬಿಟ್ಟೇ ಹಾಕುತ್ತಾನೆ. ಈ ಎರಡು ಘಳಿಗೆ ಅಂಥ ಬೇಲಿ.

ದೀಪವಿದ್ದರೆ ಸಾಲದೇ?

ಇಂದು ಮನೆಮನೆಯಲ್ಲಿ ಹಗಲಿನಂಥ ಬೆಳಕಿದೆ; ಆಹಾರದಲ್ಲಿ ಬಿದ್ದ ಹುಳು ಕಾಣದೇ ಇರುತ್ತದೆಯೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ವಿದ್ಯುತ್ ದೀಪಕ್ಕಿಂತ ಹಳೆಯದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಎತ್ತಿಕೊಂಡಿದ್ದಾರೆ. ಸೂರ್ಯನ ಬೆಳಕಿಲ್ಲದೆ ಉಣ್ಣುವವನು, ದೀಪ ಹಚ್ಚಿಕೊಂಡರೂ, ಆಹಾರಕ್ಕೆ ಬಂದು ಸೇರುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ಹೇಗೆ ತಾನೇ ತಪ್ಪಿಸಿಯಾನು ಎಂಬುದು ಅವರ ಮರುಪ್ರಶ್ನೆ. ದೀಪ ಹುಳುಗಳನ್ನು ತೋರಿಸುವುದಕ್ಕಿಂತ ಮೊದಲು ಅವನ್ನು ಕರೆಯುತ್ತದೆ.

ತುಳುನಾಡಿನ ಮಳೆಗಾಲವನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ರೆಕ್ಕೆ ಮೂಡಿದ ಗೆದ್ದಲುಗಳು ನೆಲದಿಂದ ಎದ್ದು ದೀಪಕ್ಕೆ ಮುತ್ತುತ್ತವೆ. ಬೆಳಗಾದರೆ ಜಗಲಿಯ ತುಂಬ ಉದುರಿದ ರೆಕ್ಕೆಗಳು. ಸೂರ್ಯ ನಿಧಾನವಾಗಿ ಮುಳುಗುವ, ಮುಸ್ಸಂಜೆ ತುಸು ಉದ್ದವಾಗುವ ಕಾಲವೂ ಅದೇ. ಸೂರ್ಯ ಮರೆಯಾದ ಮೇಲೆ ಹೊರಗೆ ಕೆಲಸ ಮಾಡುವಷ್ಟು ಬೆಳಕು ವಿಷುವದಲ್ಲಿ ಸುಮಾರು 21 ನಿಮಿಷ ಉಳಿದರೆ, ಜೂನಿನಲ್ಲಿ 23 ನಿಮಿಷದ ಮೇಲೆ ಉಳಿಯುತ್ತದೆ. ಆಷಾಢದಲ್ಲಿ ಚಾತುರ್ಮಾಸ ಆರಂಭವಾಗಿ ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುವುದು, ನೆಲವೆಲ್ಲ ಜೀವಮಯವಾದ ಈ ಋತುವಿನಲ್ಲಿಯೇ. ವರ್ಷವಿಡೀ ವ್ರತ ಪಾಲಿಸಲಾಗದವರು ಈ ನಾಲ್ಕು ತಿಂಗಳಾದರೂ ಪಾಲಿಸುವುದರ ಹಿಂದೆ ಈ ಕರುಣೆಯಿದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಅಹಿಂಸಾವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳಲ್ಲಿ ‘ಆಲೋಕಿತ ಪಾನಭೋಜನ’ವನ್ನು ಎಣಿಸಿದೆ. ಬೆಳಕಿನಲ್ಲಿ ಚೆನ್ನಾಗಿ ನೋಡಿ ಉಣ್ಣುವುದು, ಕುಡಿಯುವುದು ಎಂದು ಅದರ ತಾತ್ಪರ್ಯ. ರಾತ್ರಿಭೋಜನ ತ್ಯಾಗವನ್ನು ಪ್ರತ್ಯೇಕ ವ್ರತವಾಗಿ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದೇ ಭಾವನೆಯಲ್ಲಿ ಅದು ಅಡಗಿದೆ ಎಂದು ಸಮಾಧಾನ ಹೇಳಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದಾಗಿ ರಾತ್ರಿಭುಕ್ತಿ ವಿರತಿಯನ್ನು ಇರಿಸಿ, ಅನ್ನ, ಪಾನ, ಖಾದ್ಯ, ಲೇಹ್ಯ ಎಂಬ ನಾಲ್ಕನ್ನೂ ರಾತ್ರಿ ಬಿಡುವವನ ಮನಸ್ಸು ಜೀವಿಗಳ ಮೇಲಿನ ಅನುಕಂಪೆಯಿಂದ ಕೂಡಿರುತ್ತದೆ ಎಂದರು. ಗಡಿಯಾರಕ್ಕೆ ಅಂಜಿ ಬಿಡುವುದು ಬೇರೆ, ಅನುಕಂಪೆಯಿಂದ ಬಿಡುವುದು ಬೇರೆ. ಮೊದಲನೆಯದರಲ್ಲಿ ನಿಯಮ ಉಳಿಯುತ್ತದೆ. ಎರಡನೆಯದರಲ್ಲಿ ಧರ್ಮ ಉಳಿಯುತ್ತದೆ.

ಬಾವಿಗಿಳಿದ ನರಿ

ಜೈನ ಪುರಾಣಕಥೆಗಳಲ್ಲಿ ಬರುವ ಪ್ರೀತಿಂಕರನ ಪೂರ್ವಭವದ ವೃತ್ತಾಂತ ಈ ವ್ರತದ ಒಳಮರ್ಮವನ್ನು ಹೇಳುತ್ತದೆ. ಒಂದು ನರಿ ಮುನಿಯೊಬ್ಬರ ಉಪದೇಶ ಕೇಳಿ ರಾತ್ರಿ ಏನನ್ನೂ ಸೇವಿಸುವುದಿಲ್ಲವೆಂಬ ನಿಯಮ ಹಿಡಿಯಿತು. ಒಂದು ದಿನ ಬಾಯಾರಿ ನೀರು ಹುಡುಕುತ್ತ ಮೆಟ್ಟಿಲ ಬಾವಿಗೆ ಇಳಿಯಿತು. ಕೆಳಗೆ ಕತ್ತಲೆ. ಹೊತ್ತು ಮುಳುಗಿತೆಂದು ಭಾವಿಸಿ ನೀರು ಮುಟ್ಟದೆ ಮೇಲೇರಿ ಬಂದಿತು. ಮೇಲೆ ನೋಡಿದರೆ ಬಿಸಿಲು. ಮತ್ತೆ ಇಳಿಯಿತು, ಮತ್ತೆ ಕತ್ತಲೆ ಕಂಡಿತು, ಮತ್ತೆ ಏರಿತು. ಹೀಗೆ ಏರಿಳಿಯುತ್ತಿರುವಾಗಲೇ ಸೂರ್ಯ ನಿಜವಾಗಿಯೂ ಅಸ್ತಮಿಸಿದ. ಶುದ್ಧ ಪರಿಣಾಮದಿಂದ ಪ್ರಾಣಬಿಟ್ಟ ಆ ಜೀವ ಮುಂದೆ ಪ್ರೀತಿಂಕರನಾಗಿ ಹುಟ್ಟಿತು.

ನರಿಗೆ ಪಂಚಾಂಗ ತಿಳಿದಿರಲಿಲ್ಲ, ಬಾವಿಯ ಕತ್ತಲೆ ಬೇರೆ ಇರುಳಿನ ಕತ್ತಲೆ ಬೇರೆ ಎಂಬುದೂ ತಿಳಿದಿರಲಿಲ್ಲ. ಅದು ಲೆಕ್ಕದಲ್ಲಿ ತಪ್ಪಿತು, ಭಾವದಲ್ಲಿ ತಪ್ಪಲಿಲ್ಲ. ಸಂದೇಹ ಬಂದಾಗಲೆಲ್ಲ ತನಗೆ ಅನುಕೂಲವಾದ ಅರ್ಥವನ್ನು ಆರಿಸಿಕೊಳ್ಳದೆ ವ್ರತದ ಪಕ್ಷವನ್ನೇ ಹಿಡಿಯಿತು. ಮನುಷ್ಯನಾದರೋ ಲೆಕ್ಕವನ್ನೆಲ್ಲ ಬಲ್ಲ. ಇನ್ನೂ ಎರಡು ನಿಮಿಷ ಇದೆ ಎನ್ನುತ್ತಾನೆ. ಅವನ ಜಾಣತನ ಅವನ ವ್ರತಕ್ಕೆ ಹೊರೆಯಾಗುವುದು ಹೀಗೆ.

ಇಂದಿನ ಮನೆ, ಹೊರನಾಡಿನ ಮನೆ

ಶಾಲೆಯ ಬಸ್ಸು ಐದೂವರೆಗೆ ಬರುವ, ಕಚೇರಿ ಆರಕ್ಕೆ ಬಿಡುವ ಇಂದಿನ ಬದುಕಿನಲ್ಲಿ ಈ ವ್ರತ ಸುಲಭವಲ್ಲ. ಎರಡು ಘಳಿಗೆಯ ಮೇರೆಯನ್ನು ಪಾಲಿಸುವುದಾದರೆ ಜುಲೈಯಲ್ಲಿ ಸಂಜೆ 6 ಗಂಟೆ 12 ನಿಮಿಷದೊಳಗೆ, ನವೆಂಬರಿನಲ್ಲಿ 5 ಗಂಟೆ 12 ನಿಮಿಷದೊಳಗೆ ಊಟ ಮುಗಿಯಬೇಕು. ದೂರದ ನಗರದಲ್ಲಿ ದುಡಿಯುವ ಮಗನಿಗೆ, ಮನೆಗೂ ಕೆಲಸಕ್ಕೂ ಒದ್ದಾಡುವ ಸೊಸೆಗೆ ಇದು ಪ್ರತಿದಿನದ ಪರೀಕ್ಷೆ. ಉತ್ತರದ ದೇಶಗಳಿಗೆ ಹೋದವರ ಸ್ಥಿತಿ ಇನ್ನೂ ಬೇರೆ. ಲಂಡನ್ನಿನಲ್ಲಿ ಜೂನ್ ತಿಂಗಳ ಸೂರ್ಯ ರಾತ್ರಿ ಒಂಬತ್ತು ಗಂಟೆ ಇಪ್ಪತ್ತು ನಿಮಿಷ ದಾಟಿ ಮುಳುಗುತ್ತಾನೆ, ಮುಳುಗಲು ನಾಲ್ಕು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಾನೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಮರೆಯಾಗುತ್ತಾನೆ. ಇನ್ನೂ ಉತ್ತರಕ್ಕೆ ಹೋದರೆ ಬೇಸಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಸೂರ್ಯ ಮುಳುಗದ ನಾಡಿನಲ್ಲಿ ದಿನವಿಡೀ ಉಣ್ಣಬಹುದೆಂದು ಯಾವ ಶ್ರಾವಕನೂ ಅರ್ಥ ಮಾಡಿಕೊಳ್ಳಲಾರ. ಬೆಳಕು ವ್ರತಕ್ಕೆ ಆಧಾರ, ಸಂಯಮ ವ್ರತದ ಪ್ರಾಣ.

ಇದನ್ನು ಅರಿತೇ ಪರಂಪರೆ ವ್ರತಕ್ಕೆ ಮೆಟ್ಟಿಲುಗಳನ್ನು ಇಟ್ಟಿದೆ. ನಾಲ್ಕು ವಿಧದ ಆಹಾರವನ್ನೂ ಬಿಡುವುದು ಪ್ರತಿಮಾಧಾರಿಗಳ ಎತ್ತರ. ಅನ್ನ ಮಾತ್ರ ಬಿಟ್ಟು ನೀರು ಸೇವಿಸುವವರಿದ್ದಾರೆ. ಅಷ್ಟಮಿ ಚತುರ್ದಶಿಗಳಂದು, ಪರ್ವದ ದಿನಗಳಲ್ಲಿ ಪಾಲಿಸುವವರಿದ್ದಾರೆ. ಹಿಡಿದ ನಿಯಮ ಚಿಕ್ಕದಾದರೂ ಅದನ್ನು ಪ್ರಾಮಾಣಿಕವಾಗಿ ನಡೆಸುವುದು ಮುಖ್ಯ. ಮನೆಯ ಹಿರಿಯರೂ ಒಂದು ಮಾತು ನೆನಪಿಡಬೇಕು. ತಡವಾಗಿ ಬಂದ ಮಗುವನ್ನು ಗದರಿ ಹಸಿವಿನಲ್ಲಿ ಮಲಗಿಸಿದರೆ ಜೀವದಯೆಗಾಗಿ ಹುಟ್ಟಿದ ವ್ರತ ಜೀವವೊಂದಕ್ಕೆ ನೋವಾಗುತ್ತದೆ. ಮಗುವಿಗೆ ಪಂಚಾಂಗದ ಸಾಲನ್ನು ತೋರಿಸಿ, ಇವತ್ತು ಹೊತ್ತು ಎಷ್ಟಕ್ಕೆ ಕಂತುತ್ತದೆ ಎಂದು ಲೆಕ್ಕ ಹಾಕಿಸಿ, ಮರುದಿನದ ಸಂಜೆಯ ಬುತ್ತಿಯನ್ನು ಮೊದಲೇ ಕಟ್ಟಿಕೊಟ್ಟರೆ ವ್ರತ ಹೊರೆಯಾಗದೆ ಒಲವಾಗಿ ಬೆಳೆಯುತ್ತದೆ.

ಊಟ ಬೇಗ ಮುಗಿದ ಮನೆಯಲ್ಲಿ ಎರಡು ಘಳಿಗೆ ಉಳಿಯುತ್ತವೆ. ಆ ಹೊತ್ತು ಖಾಲಿಯಲ್ಲ. ಪಾತ್ರೆ ತೊಳೆದು, ಒಲೆ ಆರಿಸಿ, ಬಸದಿಯ ಸಂಜೆಯ ಆರತಿಗೆ ಹೋಗುವ ಹೊತ್ತು ಅದು. ದಿನದ ತಪ್ಪುಗಳನ್ನು ನೆನೆದು ಪ್ರತಿಕ್ರಮಣ ಮಾಡುವ, ಸಾಮಾಯಿಕಕ್ಕೆ ಕುಳಿತುಕೊಳ್ಳುವ ಹೊತ್ತು. ಸೂರ್ಯ ಮಾರ್ಚಿನಲ್ಲಿ ಬೇಗ ಮುಳುಗಲಿ, ಡಿಸೆಂಬರಿನಲ್ಲಿ ನಿಧಾನವಾಗಿ ಮುಳುಗಲಿ. ಅವನ ವೇಗವನ್ನು ಬದಲಿಸುವ ಶಕ್ತಿ ಯಾರಿಗೂ ಇಲ್ಲ. ತಟ್ಟೆಯಿಂದ ಎಷ್ಟು ಬೇಗ ಏಳಬೇಕು ಎಂಬುದು ಮಾತ್ರ ಪ್ರತಿಯೊಬ್ಬ ಶ್ರಾವಕನ, ಪ್ರತಿಯೊಬ್ಬ ಶ್ರಾವಿಕೆಯ ಕೈಯಲ್ಲಿದೆ.